ಟೋಕನ್ ನಂಬರ್ ಆರುನೂರ ಹದಿನಾಲ್ಕು

ಕಳೆದ ತಿಂಗಳು ಪೀಣ್ಯದ ಕಡೆ ಒಂದು ಅಪಾರ್ಟ್‌ಮೆಂಟಿನಲ್ಲಿ ಗೃಹಪ್ರವೇಶಕ್ಕೆ ಹೋಗಿದ್ದೆವು. ನನ್ನ ಹೆಂಡತಿ ಸರೋಜಳ ತಂಗಿಯ ಮಗಳು ಅಲ್ಲಿ ಮನೆ ಕೊಂಡಿದ್ದಾಳೆ. ಗೇಟಿನಲ್ಲಿದ್ದ ಸೆಕ್ಯುರಿಟಿಯವನು ತಲೆ ಎತ್ತದೆ ರಿಜಿಸ್ಟರನ್ನು ನನ್ನ ಕಡೆ ತಳ್ಳಿ, ಹೆಸರು, ಮನೆ ನಂಬರು, ಟೈಮು ಬರೆಯಲು ಹೇಳಿದ. ನನಗಿಂತ ಮುಂಚೆ ಬಂದವರು ಒಂಬತ್ತೂವರೆ ಎಂದು ಬರೆದು ಹೋಗಿದ್ದರು. ನನ್ನ ಕೈಗಡಿಯಾರದಲ್ಲಿ ಒಂಬತ್ತು ಇಪ್ಪತ್ತೆರಡು. ಅವರ ಕೆಳಗಿನ ಸಾಲಿನಲ್ಲಿ ನಾನು ನಿಜ ಬರೆದರೆ ಅವರಿಗಿಂತ ಮೊದಲೇ ಬಂದ ಹಾಗಾಗುತ್ತದೆ. ಸುಳ್ಳು ಬರೆಯುವುದು ಸಾಧ್ಯವಿಲ್ಲ. ಪೆನ್ನು ಹಿಡಿದು ನಿಂತೆ.

"ರೀ, ಏನಾದ್ರೂ ಒಂದು ಗೀಚಿ ಬನ್ನಿ. ಪೂಜೆ ಮುಗಿದು ಊಟಾನೂ ಮುಗಿಯತ್ತೆ" ಎಂದು ಸರೋಜ ಬೆನ್ನಿಗೆ ತಿವಿದಳು.

ಅವಳಿಗೆ ಗೊತ್ತಿತ್ತು, ನನ್ನ ಮನಸ್ಸು ಎಲ್ಲಿದೆಯೆಂದು. ಆ ಅಪಾರ್ಟ್‌ಮೆಂಟು ಎದ್ದಿರುವುದು ನಾನು ಕೆಲಸ ಮಾಡಿದ ಕಾರ್ಖಾನೆಯ ಜಾಗದಲ್ಲಿ. ಆ ಸೆಕ್ಯುರಿಟಿಯವನ ಕುರ್ಚಿಯಿಂದ ಹೆಚ್ಚೆಂದರೆ ಹತ್ತು ಹೆಜ್ಜೆ ಆಚೆ ನನ್ನ ಕುರ್ಚಿ ಇತ್ತು. ಇಪ್ಪತ್ತೆಂಟು ವರ್ಷ ನಾನು ಅಲ್ಲಿ ಟೈಮ್‌ಕೀಪರ್ ಆಗಿದ್ದೆ. ಯಾವ ಟೋಕನ್ ನಂಬರಿನ ಕಾರ್ಮಿಕ ಎಷ್ಟು ಹೊತ್ತಿಗೆ ಬಂದ ಎಂದು ಬರೆಯುವುದು ನನ್ನ ಕೆಲಸ. ನಾನೂ ಅವನ ಹಾಗೆಯೇ ತಲೆ ಎತ್ತದೆ ಬರೆಯುತ್ತಿದ್ದೆ. ಅದು ತಪ್ಪು ಎಂದು ನನಗೆ ತಿಳಿದದ್ದು ಎಪ್ಪತ್ತಮೂರನೆಯ ವಯಸ್ಸಿನಲ್ಲಿ, ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ವರ್ಷದ ಅವರೆಕಾಯಿ ಕಾಲದಲ್ಲಿ, ರೇಡಿಯೋದಿಂದ.

ಮೊದಲು ನನ್ನ ದಿನಚರಿ ಹೇಳಬೇಕು. ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಏಳುವುದು ನಾಲ್ಕೂಮುಕ್ಕಾಲಿಗೆ. ಐದಕ್ಕೆ ಒಂದು ಲೋಟ ಬಿಸಿನೀರು, ಐದೂಕಾಲಿಗೆ ಪಾರ್ಕು, ಆರೂಕಾಲಿಗೆ ಹಾಲು, ಆರೂವರೆಗೆ ಕಾಫಿ, ಏಳಕ್ಕೆ ರೇಡಿಯೋ. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಕೆಲವರು ನಾನು ಹಾಲು ತರುವುದನ್ನು ನೋಡಿ ಕುಕ್ಕರ್ ಇಡುತ್ತಾರೆ ಎಂದು ಸರೋಜ ಹೇಳುತ್ತಾಳೆ. ಅದು ಹೊಗಳಿಕೆಯೋ ಅಲ್ಲವೋ ನಾನು ವಿಚಾರಿಸಿಲ್ಲ. ಹಾಲ್‌ನಲ್ಲಿ ಒಂದು ಗೋಡೆ ಗಡಿಯಾರ ಇದೆ. ಅದು ಐದು ನಿಮಿಷ ಮುಂದಿರುತ್ತಿತ್ತು. ನಮ್ಮ ತಂದೆಯ ಕಾಲದಿಂದ ಬಂದ ಪದ್ಧತಿ: ಗಡಿಯಾರ ಮುಂದಿದ್ದರೆ ಮನುಷ್ಯ ಹಿಂದೆ ಬೀಳುವುದಿಲ್ಲ. ಮನೆಯವರೆಲ್ಲ ಅದನ್ನು ನೋಡಿ ಮನಸ್ಸಿನಲ್ಲೇ ಐದು ಕಳೆದುಕೊಳ್ಳುತ್ತಿದ್ದರು. ಹಾಗಾದರೆ ಉಪಯೋಗವೇನು ಎಂದು ನನ್ನ ಮಗಳು ಚಿಕ್ಕವಳಿದ್ದಾಗ ಕೇಳಿದ್ದಳು. ಪದ್ಧತಿ ಎಂದಿದ್ದೆ.

ಏಳರಿಂದ ಒಂಬತ್ತರವರೆಗೆ ರೇಡಿಯೋದಲ್ಲಿ ಸಿನಿಮಾ ಹಾಡು ಹಾಕುತ್ತಿದ್ದವಳು ಚಂದನಾ ಎಂಬ ಹುಡುಗಿ. ದನಿ ಚೆನ್ನಾಗಿತ್ತು. ನನಗೆ ಅವಳ ಮೇಲೆ ಎರಡು ತಕರಾರಿತ್ತು. ಒಂದು, ಗಂಟೆಗೆ ಹನ್ನೆರಡು ಹಾಡು ಹಿಡಿಯುವ ಜಾಗದಲ್ಲಿ ಏಳು ಹಾಕಿ ಉಳಿದ ಹೊತ್ತು ಕೇಳುಗರ ಜೊತೆ ಹರಟುತ್ತಿದ್ದಳು. ಎರಡು, "ಏಳೂಕಾಲು ಆಗ್ತಾ ಬಂತು" ಎಂದು ಟೈಮ್ ಹೇಳುತ್ತಿದ್ದಳು. ಆಗ್ತಾ ಬಂತು ಎಂಬುದು ಟೈಮಲ್ಲ. ಎರಡನ್ನೂ ಬರೆದು ಎರಡು ಪೋಸ್ಟ್‌ಕಾರ್ಡ್ ಹಾಕಿದೆ. ಹೆಸರು ಬರೆಯಲಿಲ್ಲ, 'ಒಬ್ಬ ಕೇಳುಗ' ಎಂದಷ್ಟೇ ಸಹಿ. ಅವಳು ಎರಡನ್ನೂ ರೇಡಿಯೋದಲ್ಲಿ ಓದಿದಳು. ಹರಟೆ ಕಡಿಮೆ ಮಾಡಲಿಲ್ಲ. ಆದರೆ ಮಾರನೆಯ ದಿನದಿಂದ, "ಈಗ ಏಳು ಹದಿನಾಲ್ಕು. ಪೋಸ್ಟ್‌ಕಾರ್ಡ್ ಅಂಕಲ್, ಸರಿ ಇದ್ಯಾ?" ಎಂದು ಕೇಳತೊಡಗಿದಳು. ನಾನು ದಿನವೂ ನೋಡಿದೆ. ಸರಿ ಇರುತ್ತಿತ್ತು.

ಆ ನವೆಂಬರ್ ಬಹಳ ಥಂಡಿ. ಜಿಟಿಜಿಟಿ ಮಳೆ ಬೇರೆ. ಪಾರ್ಕಿನಲ್ಲಿ ಮಂಕಿ ಕ್ಯಾಪ್ ಹಾಕಿದ ಮೇಲೆ ಯಾರು ಯಾರೆಂದು ಗುರುತು ಹತ್ತುತ್ತಿರಲಿಲ್ಲ. ತಪ್ಪಾದವರಿಗೆ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದೆವು. ವಿಜಯನಗರದ ಮಾರ್ಕೆಟ್ಟಿಗೆ ಹೊಸ ಅವರೆಕಾಯಿ ಬಂದಿತ್ತು. ಸರೋಜ ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ರೇಡಿಯೋ ಮುಂದೆ ಕೂತು ಒಂದೊಂದೇ ಹಿದುಕುತ್ತಿದ್ದಳು. ಮನೆಯೆಲ್ಲ ಸೊಗಡಿನ ವಾಸನೆ.

ವಿಶ್ವಕಪ್ ಶುರುವಾಗುವ ಎರಡು ವಾರ ಮೊದಲೇ ಚಂದನಾ ಹೊಸ ಹರಟೆ ತೆಗೆದಳು. ಕೇಳುಗರು ಫೋನ್ ಮಾಡಿ ತಮ್ಮ ಟೀಮ್ ಯಾವುದು, ಯಾಕೆ ಎಂದು ಹೇಳಬೇಕು. ಕಾರಣ ಚೆನ್ನಾಗಿದ್ದರೆ ಅವರು ಕೇಳಿದ ಹಾಡು. ಇಷ್ಟು ಜನ ಇಂಥ ಕಾರಣಗಳನ್ನು ಇಟ್ಟುಕೊಂಡು ಬದುಕುತ್ತಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಬ್ಯಾಡರಹಳ್ಳಿಯ ಆಟೋ ಡ್ರೈವರ್ ಒಬ್ಬ ಬ್ರೆಜಿಲ್ ಕಡೆ, ಯಾಕೆಂದರೆ ಅವರ ಹಳದಿ ನಮ್ಮ ಕನ್ನಡ ಬಾವುಟದ ಅರ್ಧ ಇದೆಯಂತೆ. ಇನ್ನರ್ಧಕ್ಕೆ ಯಾರು ಎಂದು ಚಂದನಾ ಕೇಳಿದಾಗ, ಕೆಂಪು ಹಾಕೋ ಟೀಮು ಯಾವುದು ಗೆದ್ದರೂ ಬೇಜಾರಿಲ್ಲ ಎಂದ. ಮಾರೇನಹಳ್ಳಿಯ ಗೌಡರೊಬ್ಬರು ಅರ್ಜೆಂಟೀನಾ; ಅವರ ಅಣ್ಣ ಬ್ರೆಜಿಲ್ ಆದ್ದರಿಂದ, ಜಮೀನು ಭಾಗವಾದ ಲಾಗಾಯ್ತು ಅಣ್ಣನ ಎದುರು ಟೀಮು ಯಾವುದೋ ಅದೇ ಇವರದು. ವಿಜಯನಗರದ ಒಬ್ಬ ಹೆಂಗಸು ಮಾತ್ರ ಜಪಾನ್. ಅವರು ಆಟ ಮುಗಿದ ಮೇಲೆ ತಾವು ಕೂತ ಜಾಗ ಗುಡಿಸಿ ಹೋಗುತ್ತಾರಂತೆ. "ನಮ್ಮನೇಲಿ ತಿಂದ ತಟ್ಟೇನೂ ಎತ್ತಲ್ಲ ಕಣಮ್ಮ. ಯಾವ ಮುಖ ಇಟ್ಕೊಂಡು ಬ್ರೆಜಿಲ್ ಅಂತಾರೋ" ಎಂದರು. ನಾನು ತಿಂದ ತಟ್ಟೆಯನ್ನು ಎತ್ತಿ ಸಿಂಕಿಗೆ ಇಟ್ಟು ಬಂದೆ.

ವಿಶ್ವಕಪ್ ಶುರುವಾದ ಮಾರನೆಯ ದಿನ, ಸೋಮವಾರ, ಏಳು ನಲವತ್ತಕ್ಕೆ ನಾನು ಉಪ್ಪಿಟ್ಟು ತಿನ್ನುತ್ತಿದ್ದೆ. ರೇಡಿಯೋದಲ್ಲಿ ಒಂದು ಗಂಡಸಿನ ದನಿ.

"ನಮಸ್ಕಾರ ಕಣಮ್ಮ. ಲಗ್ಗೆರೆಯಿಂದ ಮುನಿರಾಜು."

"ನಮಸ್ಕಾರ ಸಾರ್. ನಿಮ್ದು ಯಾವ ಟೀಮು? ಬ್ರೆಜಿಲ್ಲಾ, ಅರ್ಜೆಂಟೀನಾನಾ?"

"ಎರಡೂ ಅಲ್ಲ. ನಮ್ಮ ಫ್ಯಾಕ್ಟರಿ ಟೀಮು."

"ಅದು ವಿಶ್ವಕಪ್‌ನಲ್ಲಿ ಆಡ್ತಾ ಇದ್ಯಾ ಸಾರ್?"

"ಫ್ಯಾಕ್ಟರಿನೇ ಇಲ್ಲ ಈಗ. ಹಂಗಂತ ಟೀಮ್ ಬದಲಾಯಿಸಕ್ಕಾಗುತ್ತೇನಮ್ಮ?"

ನನ್ನ ಚಮಚ ನಿಂತಿತು. ಹೆಸರಿಗಿಂತ ಮೊದಲು ನನಗೆ ನೆನಪಾದದ್ದು ಟೋಕನ್ ನಂಬರು. ಆರುನೂರ ಹದಿನಾಲ್ಕು. ಮೆಷಿನ್ ಶಾಪ್. ಕಾರ್ಖಾನೆಯ ಫುಟ್‌ಬಾಲ್ ಟೀಮಿನ ಗೋಲ್‌ಕೀಪರ್.

ಮುನಿರಾಜು ಕಥೆ ಹೇಳಿದ. ನಲವತ್ತು ವರ್ಷದ ಹಿಂದೆ ಊರಿನ ಕಾರ್ಖಾನೆಗಳ ನಡುವೆ ಫುಟ್‌ಬಾಲ್ ಪಂದ್ಯ ನಡೆದು ನಮ್ಮ ಟೀಮು ಮೊದಲ ಸಲ ಫೈನಲ್ಲಿಗೆ ಹೋಗಿತ್ತು. ಪಂದ್ಯದ ದಿನ ಆಟಗಾರರು ಬೆಳಗಿನ ಶಿಫ್ಟಿಗೆ ಬಂದು, ಹನ್ನೆರಡಕ್ಕೆ ಗೇಟ್ ಪಾಸ್ ತೆಗೆದುಕೊಂಡು ಮೈದಾನಕ್ಕೆ ಹೋಗಬೇಕು. ಆ ದಿನ ತಡವಾಗಿ ಬಂದವನಿಗೆ ಪಾಸಿಲ್ಲ, ಆಟವಿಲ್ಲ. ಇವನು ಸೈಕಲ್ಲಿನ ಚೈನು ಕಳಚಿ, ದಾರಿಯಲ್ಲಿ ಕೂತು ಹಾಕಿಕೊಂಡು ಬರುವಷ್ಟರಲ್ಲಿ ಗೇಟಿನ ಗಡಿಯಾರ ಏಳು ಗಂಟೆ ಮೂರು ನಿಮಿಷ ತೋರಿಸುತ್ತಿತ್ತು. ಏಳಕ್ಕೆ ಸೈರನ್, ಸೈರನ್ ನಿಂತ ಕೂಡಲೆ ಚಿಲಕ. ತಡವಾದವರು ಏಳೂವರೆವರೆಗೆ ಹೊರಗೆ. ಟೈಮ್‌ಕೀಪರು ಗೇಟು ತೆಗೆಯಲಿಲ್ಲ. ಅವನ ಬದಲು ಕ್ಯಾಂಟೀನಿನಲ್ಲಿ ದೋಸೆ ಹಾಕುವ ಶೀನಪ್ಪನನ್ನು ಗೋಲಿಗೆ ನಿಲ್ಲಿಸಿದರು. ದೋಸೆ ತಿರುವುವವನ ಕೈ ಚುರುಕಾಗಿರುತ್ತದೆ ಎಂದು ಯಾರೋ ಹೇಳಿದ್ದರಂತೆ. ಐದು ಗೋಲು ಬಿದ್ದವು.

"ಆ ಟೈಮ್‌ಕೀಪರ್ ಯಾರು ಸಾರ್?" ಎಂದಳು ಚಂದನಾ.

"ಹೆಸರು ಬೇಡ ಬಿಡಮ್ಮ, ವಯಸ್ಸಾಗಿರುತ್ತೆ. ಇದಾರೋ ಇಲ್ವೋ. ನಾವೆಲ್ಲ ಅವರನ್ನ 'ಚಿಲಕ' ಅಂತ ಕರೀತಿದ್ವಿ."

ಇಪ್ಪತ್ತೆಂಟು ವರ್ಷದಲ್ಲಿ ಈ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ. ಸರೋಜಳ ಕೈಯಿಂದ ಒಂದು ಬೇಳೆ ಚಿಮ್ಮಿ ನನ್ನ ಕನ್ನಡಕಕ್ಕೆ ಬಡಿಯಿತು. ಅವಳು ನಗುತ್ತಿದ್ದಳು. ಸೆರಗು ಬಾಯಿಗೆ ಒತ್ತಿಕೊಂಡರೂ ಭುಜ ಕುಣಿಯುತ್ತಿತ್ತು.

ಮಾರನೆಯ ದಿನದಿಂದ ಬ್ರೆಜಿಲ್, ಅರ್ಜೆಂಟೀನಾ ಎಲ್ಲ ಹಿಂದೆ ಸರಿದವು. ಗೇಟು ತೆಗೆಯಬೇಕಿತ್ತೋ ಬೇಡವೋ ಎಂದು ಚಂದನಾ ಕೇಳಿದಳು. ಪಶ್ಚಿಮ ಬೆಂಗಳೂರು ಎರಡು ಪಕ್ಷವಾಯಿತು. ಬ್ಯಾಡರಹಳ್ಳಿಯ ಆಟೋ ಡ್ರೈವರ್ ಮತ್ತೆ ಫೋನ್ ಮಾಡಿ, ಮೂರು ನಿಮಿಷ ಎಂದರೆ ಮಾಗಡಿ ರೋಡಿನಲ್ಲಿ ಒಂದು ಸಿಗ್ನಲ್ಲು, ಅಷ್ಟಕ್ಕೆ ಒಬ್ಬನ ಫೈನಲ್ ಕಿತ್ತುಕೊಳ್ಳುವುದೇ ಎಂದು ಕೇಳಿದ. ಗೌಡರು ಅಣ್ಣನಿಗೆ ಫೋನ್ ಮಾಡಿ ಅವರದು ಯಾವ ಪಕ್ಷವೆಂದು ತಿಳಿದುಕೊಂಡು, ಎದುರು ಪಕ್ಷ ಸೇರಿದರು. ಕೆಂಗೇರಿಯ ಮೇಷ್ಟ್ರೊಬ್ಬರು ನಿಯಮ ಎಂದರೆ ನಿಯಮ ಎಂದಾಗ ನಾನು ರೇಡಿಯೋದ ವಾಲ್ಯೂಮ್ ಹೆಚ್ಚಿಸಿದೆ. ಜಪಾನಿನ ಹೆಂಗಸು, ಅವರ ಟೀಮು ದೊಡ್ಡ ಟೀಮೊಂದನ್ನು ಸೋಲಿಸಿದ ಮಾರನೆಯ ದಿನ, ನನ್ನ ಪರ ನಿಂತರು. "ಅಂಥೋರು ಇರಬೇಕು ಕಣಮ್ಮ. ಆದ್ರೆ ಮನೇಲಿ ಇರಬಾರದು."

"ಎಷ್ಟು ತಿಳಿದೋರು" ಎಂದಳು ಸರೋಜ.

ಪಾರ್ಕಿನಲ್ಲೂ ಅದೇ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರು ಎಂಟು ಸುತ್ತೂ ಅದೇ ವಿಷಯ ಮಾತಾಡಿದರು. ಆ ಟೈಮ್‌ಕೀಪರ್ ಖಂಡಿತ ತೀರಿಕೊಂಡಿದ್ದಾನೆ, ಇದ್ದಿದ್ದರೆ ಇಷ್ಟು ಹೊತ್ತಿಗೆ ಫೋನ್ ಮಾಡಿ ತಿದ್ದುತ್ತಿದ್ದ, ಅಂಥವರು ಸುಮ್ಮನಿರುವ ಜಾತಿಯಲ್ಲ ಎಂದರು. ಬಹುಶಃ ಎಂದೆ. ನಾನು ಸುಮ್ಮನಿದ್ದುದಕ್ಕೆ ಬೇರೆ ಕಾರಣವಿತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆ ವಾರ ನಾನು ಎರಡು ಸಲ ಹಾಲು ತರಲು ಮರೆತೆ. ಬೀದಿಯಲ್ಲಿ ಎಷ್ಟು ಕುಕ್ಕರ್ ತಡವಾಯಿತೋ ಗೊತ್ತಿಲ್ಲ.

ಶುಕ್ರವಾರ ಬೆಳಿಗ್ಗೆ ಸರೋಜ ಬೇಳೆ ಹಿದುಕುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ರೀ, ಆ ಗೇಟಿನ ಗಡಿಯಾರಕ್ಕೆ ಕೀಲಿ ಕೊಡ್ತಿದ್ದೋರು ಯಾರು?"

"ನಾನೇ."

"ಟೈಮ್ ಇಡ್ತಿದ್ದೋರು?"

"ನಾನೇ. ರೇಡಿಯೋ ಕೇಳಿ ಇಡ್ತಿದ್ದೆ."

ಅವಳು ತಿರುಗಿ ನಮ್ಮ ಗೋಡೆ ಗಡಿಯಾರವನ್ನು ನೋಡಿದಳು. ಆಮೇಲೆ ನನ್ನನ್ನು. ನಾನು ಅಂಗಿಯ ಗುಂಡಿ ಹಾಕಿಕೊಳ್ಳಲು ಹೋದೆ. ಎಲ್ಲ ಗುಂಡಿಯೂ ಹಾಕಿಯೇ ಇತ್ತು.

"ಅದೂ ಹಿಂಗೇನಾ?" ಎಂದಳು.

ಹೌದು. ಅದೂ ಹೀಗೇ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಯಾರೂ ಹೇಳದೆ, ಗೇಟಿನ ಗಡಿಯಾರವನ್ನು ಐದು ನಿಮಿಷ ಮುಂದಿಟ್ಟೆ. ಒಂದೇ ತಿಂಗಳಲ್ಲಿ ತಡವಾಗುವವರು ಕಡಿಮೆಯಾದರು. ಮ್ಯಾನೇಜರ್ ನನ್ನನ್ನು ಕರೆದು, ಪುಟ್ಟಸ್ವಾಮಯ್ಯ, ಏನು ಮಾಯ ಮಾಡಿದಿರಿ ಎಂದು ಬೆನ್ನು ತಟ್ಟಿದರು. ಆಮೇಲೆ ಹೇಳುವುದು ಹೇಗೆ? ಸೈರನ್ ಕೂಗುತ್ತಿದ್ದುದೂ ಅದೇ ಗಡಿಯಾರ ನೋಡಿ. ಪಕ್ಕದ ಕಾರ್ಖಾನೆಯ ಸೈರನ್ ನಮ್ಮದಕ್ಕಿಂತ ಐದು ನಿಮಿಷ ತಡವಾಗಿ ಕೇಳುತ್ತಿತ್ತು. ಅವರಲ್ಲಿ ಶಿಸ್ತಿಲ್ಲ ಎಂದು ನಾನೇ ಹಬ್ಬಿಸಿದ್ದೆ. ಅಂದರೆ ಮುನಿರಾಜು ಚೈನು ಹಾಕಿಕೊಂಡು, ಏದುಸಿರು ಬಿಡುತ್ತಾ ಗೇಟಿಗೆ ಬಂದಾಗ ನಿಜವಾದ ಟೈಮು ಆರು ಐವತ್ತೆಂಟು. ಅವನು ಎರಡು ನಿಮಿಷ ಮೊದಲೇ ಬಂದಿದ್ದ. ನನ್ನ ಜೇಬಿನಲ್ಲಿದ್ದ ವಾಚಿನಲ್ಲಿ ಅದು ಸರಿಯಾಗಿ ಕಾಣುತ್ತಿತ್ತು. ಆ ಸಂಜೆ ಶೀನಪ್ಪ ಐದು ಗೋಲು ಬಿಟ್ಟು ಬಂದನೆಂದು ಕೇಳಿದಾಗ ಐದು ಎಂಬ ಸಂಖ್ಯೆ ನನಗೆ ಹಿಡಿಸಲಿಲ್ಲ.

"ನಲವತ್ತು ವರ್ಷದಲ್ಲಿ ನನಗೂ ಹೇಳಲಿಲ್ವಲ್ರೀ."

"ನೀನು ಕೇಳಲಿಲ್ಲ."

"ಗೇಟಿನ ಗಡಿಯಾರ ಸರಿ ಇದ್ಯಾ ಅಂತ ಯಾವ ಹೆಂಡತಿ ಕೇಳ್ತಾಳೆ? ಏಳಿ, ಫೋನ್ ಮಾಡಿ."

"ಎಂಟು ಐವತ್ತಾಯಿತು. ಒಂಬತ್ತಕ್ಕೆ ಮುಗಿಯುತ್ತೆ. ಲೈನ್ ಸಿಗಲ್ಲ" ಎಂದೆ ಗೋಡೆಯ ಕಡೆ ತೋರಿಸಿ.

"ಐದು ಕಳೀರಿ" ಎಂದಳು.

ಹನ್ನೊಂದನೆಯ ಸಲಕ್ಕೆ ಲೈನ್ ಸಿಕ್ಕಿತು. ಚಂದನಾ ಅಲ್ಲ, ಬೇರೊಬ್ಬಳು ಎತ್ತಿ, ಯಾವ ಟೀಮು ಎಂದು ಕೇಳಿದಳು. ಯಾವುದೂ ಅಲ್ಲ, ಗೇಟಿನ ವಿಷಯ ಎಂದೆ. ಟೀಮು ಹೇಳದೆ ಲೈನ್ ಕೊಡುವ ಹಾಗಿಲ್ಲ, ಅದು ರೂಲ್ಸು ಎಂದಳು. ನಿಯಮದ ವಿಷಯದಲ್ಲಿ ನಾನು ವಾದ ಮಾಡುವವನಲ್ಲ. ಜಪಾನ್ ಎಂದೆ.

"ಈಗ ಎಂಟು ಐವತ್ತು. ಬಸವೇಶ್ವರನಗರದಿಂದ ಒಬ್ಬರು ಜಪಾನ್ ಫ್ಯಾನು. ಹೇಳಿ ಸಾರ್" ಎಂದಳು ಚಂದನಾ.

ನಾನು ಎದ್ದು ನಿಂತೆ. ಕೂತು ಹೇಳುವ ವಿಷಯವಲ್ಲ. "ಮೊದಲನೇದಾಗಿ, ಈಗ ಎಂಟು ನಲವತ್ತೊಂಬತ್ತು" ಎಂದೆ.

"ಪೋಸ್ಟ್‌ಕಾರ್ಡ್ ಅಂಕಲ್" ಎಂದಳು, ಮೆಲ್ಲಗೆ, ಕಳೆದುಹೋದ ಸಾಮಾನು ಸಿಕ್ಕಿದ ಹಾಗೆ.

"ಎರಡನೇದಾಗಿ, ಆ ಚಿಲಕ ನಾನೇ."

ಅವಳು ನಾಲ್ಕು ಸೆಕೆಂಡು ಸುಮ್ಮನಿದ್ದಳು. ಅವಳ ಕಾರ್ಯಕ್ರಮದಲ್ಲಿ ಅಷ್ಟು ದೀರ್ಘ ಮೌನವನ್ನು ನಾನು ಅದಕ್ಕೆ ಮೊದಲೂ ಆಮೇಲೂ ಕೇಳಿಲ್ಲ. ನಾನು ಗಡಿಯಾರದ ವಿಷಯವನ್ನು ಮೊದಲಿಂದ ಕಡೆಯವರೆಗೆ, ಕ್ರಮವಾಗಿ ಹೇಳಿದೆ. ಪಕ್ಕದ ಕಾರ್ಖಾನೆಯ ಶಿಸ್ತಿನ ಬಗ್ಗೆ ಹಬ್ಬಿಸಿದ್ದನ್ನೂ ಹೇಳಿದೆ. ಲೈನ್ ಬಿಡಬೇಡಿ ಎಂದು ಅವಳು ಒಂದು ಹಾಡು ಹಾಕಿದಳು. ಹಾಡು ಮುಗಿಯುವುದರೊಳಗೆ ಲಗ್ಗೆರೆಯ ಮುನಿರಾಜು ಇನ್ನೊಂದು ಲೈನಿನಲ್ಲಿದ್ದ. ಅವನು ರೇಡಿಯೋ ಕೇಳುತ್ತಲೇ ಇದ್ದನಂತೆ.

"ಸಾರ್, ಚೆನ್ನಾಗಿದೀರಾ" ಎಂದ. ದನಿಯಲ್ಲಿ ನಗು ಇತ್ತು.

"ಮುನಿರಾಜು ಅವರೇ, ನೀವು ಅವತ್ತು ತಡವಾಗಿರಲಿಲ್ಲ. ತಪ್ಪು ನನ್ನದು."

"ಗೊತ್ತು ಸಾರ್."

"ಏನು ಗೊತ್ತು?"

"ಗಡಿಯಾರ ಐದು ನಿಮಿಷ ಮುಂದಿತ್ತು ಅಂತ. ಇಡೀ ಫ್ಯಾಕ್ಟರಿಗೇ ಗೊತ್ತಿತ್ತಲ್ಲ ಸಾರ್. ಪಕ್ಕದ ಸೈರನ್ ನಮಗೂ ಕೇಳಿಸ್ತಿತ್ತು. ಎಲ್ಲಾ ಐದು ನಿಮಿಷ ಲೆಕ್ಕ ಹಾಕ್ಕೊಂಡೇ ಮನೆ ಬಿಡ್ತಿದ್ವಿ. ಆ ಲೆಕ್ಕದಲ್ಲಿ ನಾನು ಮೂರು ನಿಮಿಷ ಲೇಟೇ."

"ಗೊತ್ತಿದ್ದೂ ಯಾರೂ ದೂರು ಕೊಡಲಿಲ್ಲ?"

"ಯಾಕೆ ಕೊಡ್ತೀವಿ ಸಾರ್. ಮನೆಗೆ ಬಿಡೋದೂ ಅದೇ ಗಡಿಯಾರದಲ್ಲಿ ತಾನೆ? ದಿನಾ ಐದು ನಿಮಿಷ ಮೊದಲೇ ಬಿಡ್ತಿದ್ರಿ. ಬಸ್ಸಲ್ಲಿ ಸೀಟು ಸಿಗ್ತಿತ್ತು."

ಸರೋಜ ಹಿದುಕಿದ ಬೇಳೆಯ ಬೋಗುಣಿ ಸಮೇತ ಅಡುಗೆಮನೆಗೆ ಎದ್ದು ಹೋದಳು. ಒಳಗಿನಿಂದ ಅವಳ ನಗು ಕೇಳುತ್ತಿತ್ತು. ಇಷ್ಟು ವರ್ಷ ನಾನು ಕಾಪಾಡಿಕೊಂಡು ಬಂದ ಗುಟ್ಟಿನಿಂದ ಲಗ್ಗೆರೆಯವರೆಲ್ಲ ಕೂತು ಪ್ರಯಾಣ ಮಾಡಿದ್ದರು. ನನಗೆ ಹಗುರಾಯಿತು. ಹಾಗಾದರೆ ಬೇಜಾರಿಲ್ಲವಲ್ಲ ಎಂದೆ.

"ಬೇಜಾರಿದೆ ಸಾರ್. ಗಡಿಯಾರದ್ದಲ್ಲ. ನಾನು ಗೇಟಿನ ಸಂದಿಯಿಂದ ಬೂಟು ತೋರಿಸಿ, 'ಸಾರ್, ಇವತ್ತು ಮ್ಯಾಚು' ಅಂದೆ. ನೀವು ತಲೆ ಎತ್ತಲಿಲ್ಲ. 'ಟೋಕನ್ ನಂಬರ್' ಅಂದ್ರಿ. ಮೂರು ವರ್ಷ ದಿನಾ ನಿಮ್ಮ ಮುಂದೇನೇ ಬರ್ತಿದ್ದೆ. ಒಂದ್ಸಲ ಮುಖ ನೋಡಿ, 'ಆಗಲ್ಲ ಕಣೋ ಮುನಿರಾಜ' ಅಂದಿದ್ರೆ ಸಾಕಾಗಿತ್ತು. ಅರ್ಧ ಗಂಟೆ ಅಲ್ಲೇ ನಿಂತಿದ್ದೆ."

ನನ್ನ ಬಾಯಿಂದ ಬಂದದ್ದು ಇಷ್ಟೇ: "ಆರುನೂರ ಹದಿನಾಲ್ಕು."

"ಹೂಂ ಸಾರ್. ಅದೇ."

ಚಂದನಾ ನಡುವೆ ಬಾಯಿ ಹಾಕಲಿಲ್ಲ. ಅದನ್ನು ನಾನು ಅವಳ ಲೆಕ್ಕದಲ್ಲಿ ಒಳ್ಳೆಯದೆಂದು ಬರೆದುಕೊಂಡಿದ್ದೇನೆ. ಕೊನೆಗೆ ಮುನಿರಾಜನೇ ಮಾತಾಡಿದ. ಭಾನುವಾರ ಮಧ್ಯಾಹ್ನ ಮೂರೂವರೆಗೆ ನಿಮ್ಮ ಜಪಾನಿನ ಆಟ ಇದೆ, ನಮ್ಮ ಮನೆಗೆ ಬನ್ನಿ, ಟೀಮಿನವರು ಐದಾರು ಜನ ಉಳಿದಿದ್ದೇವೆ, ಶೀನಪ್ಪನೂ ಬರುತ್ತಾನೆ ಎಂದ. "ಆದ್ರೆ ಒಂದು ಮಾತು ಸಾರ್. ಮೂರೂವರೆಗೆ ಸರಿಯಾಗಿ ಗೇಟ್ ಹಾಕ್ತೀನಿ."

ಬೆಂಗಳೂರೆಲ್ಲ ಕೇಳಿದ ಆಹ್ವಾನ. ಹೋಗದೆ ಇರುವ ಹಾಗಿರಲಿಲ್ಲ. ಹೋಗದೆ ಇರಲು ಮನಸ್ಸೂ ಇರಲಿಲ್ಲ. ಒಬ್ಬ ಮನುಷ್ಯನ ಮುಖ ನೋಡುವುದು ನಲವತ್ತು ವರ್ಷದಿಂದ ಬಾಕಿ ಇತ್ತು.

ಶನಿವಾರ ಕುರ್ಚಿ ಹತ್ತಿ ಗೋಡೆ ಗಡಿಯಾರವನ್ನು ಇಳಿಸಿ, ರೇಡಿಯೋ ಟೈಮಿಗೆ ಸರಿಯಾಗಿ ಇಟ್ಟೆ. ನಮ್ಮ ತಂದೆಯ ಫೋಟೋದ ಕಡೆ ನೋಡಲಿಲ್ಲ. ಸರಿ ಮಾಡಿದ್ದೇನೆ ಎಂದು ಸರೋಜಳಿಗೂ ಹೇಳಿದೆ. ಸದ್ಯ ಬುದ್ಧಿ ಬಂತಲ್ಲ ಎಂದಳು.

ಭಾನುವಾರ ನಮ್ಮ ಲೆಕ್ಕ ಹೀಗಿತ್ತು: ಎರಡು ಐವತ್ತಕ್ಕೆ ಮನೆ ಬಿಡುವುದು, ಮೂರು ಗಂಟೆಯ ಬಸ್ಸು, ಮೂರೂಕಾಲಿಗೆ ಲಗ್ಗೆರೆ. ಸರೋಜ ಬರಿಗೈಲಿ ಹೋಗಬಾರದೆಂದು ಹಿದುಕಿದ ಬೇಳೆ ಸಾರು ಮಾಡಿ ಡಬ್ಬಿಗೆ ಹಾಕುತ್ತಿದ್ದಳು. ನಾನು ತಯಾರಾಗಿ ಹಾಲ್‌ನಲ್ಲಿ ಕೂತಿದ್ದೆ. ಕೈಗಡಿಯಾರವನ್ನು ಹೊಸ್ತಿಲು ದಾಟುವ ಮುಂಚೆ ಕೊನೆಗೆ ಕಟ್ಟಿಕೊಳ್ಳುವುದು ನನ್ನ ಕ್ರಮ. ಗೋಡೆ ಗಡಿಯಾರ ಎರಡು ಐವತ್ತು ತೋರಿಸಿತು. ಎರಡು ನಲವತ್ತೈದು ಎಂದುಕೊಂಡು ಪೇಪರಿನ ಇನ್ನೊಂದು ಪುಟ ತಿರುವಿದೆ. ಅಡುಗೆಮನೆಯಿಂದ ಇಣುಕಿದ ಸರೋಜಳೂ ಗೋಡೆ ನೋಡಿ, ಇನ್ನೂ ಐದು ನಿಮಿಷ ಇದೆಯೆಂದು ಒಗ್ಗರಣೆಗೆ ಇಟ್ಟಳು. ಎರಡು ಐವತ್ತೈದಕ್ಕೆ ಇಬ್ಬರೂ ಸಮಾಧಾನವಾಗಿ ಎದ್ದೆವು. ವಾಚು ಕಟ್ಟಿಕೊಂಡಾಗ ಅದೂ ಗೋಡೆಯೂ ಒಂದೇ ಟೈಮು ತೋರಿಸುತ್ತಿದ್ದವು. ನನ್ನ ಜೀವನದಲ್ಲಿ ಅಂಥ ನೋಟ ಅದೇ ಮೊದಲು.

ನಾವು ಸ್ಟಾಪು ಮುಟ್ಟುವಾಗ ಬಸ್ಸು ಮುಂದಿನ ತಿರುವಿನಲ್ಲಿತ್ತು. ಇನ್ನೊಂದು ಬರಲಿಲ್ಲ. ಆಟೋ ಸಿಗುವಷ್ಟರಲ್ಲಿ ಮೂರೂಕಾಲು. ರಿಂಗ್ ರೋಡಿನ ಸಿಗ್ನಲ್ಲಿನಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡೆವು. ನಾನು ಎರಡು ಸಲ ವಾಚು ನೋಡಿದೆ, ಆಮೇಲೆ ನೋಡುವುದನ್ನು ಬಿಟ್ಟೆ. ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಆಸ್ಪತ್ರೆಗಾ ಸಾರ್?" ಎಂದು ಕೇಳಿದ. ಮ್ಯಾಚಿಗೆ ಎಂದೆ.

ಆ ಆಟದ ಫಲಿತಾಂಶವನ್ನು ಇಲ್ಲೇ ಬರೆದುಬಿಡುತ್ತೇನೆ, ಕೊನೆಗೆ ಅದಕ್ಕೆ ಜಾಗವಿಲ್ಲ. ಹೋದ ಆಟದಲ್ಲಿ ದೊಡ್ಡ ಟೀಮನ್ನು ಸೋಲಿಸಿದ್ದ ಜಪಾನ್ ಅಂದು ಚಿಕ್ಕ ಟೀಮಿಗೆ ಒಂದು ಗೋಲಿನಲ್ಲಿ ಸೋತಿತು. ಶೀನಪ್ಪ ಮೂರು ತಟ್ಟೆ ಅನ್ನಕ್ಕೆ ಸಾರು ಹಾಕಿಸಿಕೊಂಡು, ಆ ಗೋಲ್‌ಕೀಪರಿಗೆ ಏನೂ ಬರುವುದಿಲ್ಲ, ತಾನಾಗಿದ್ದರೆ ಹಿಡಿಯುತ್ತಿದ್ದೆ ಎಂದ. ಉಳಿದವರು ಅವನಿಗೆ ಏನು ಹೇಳಿದರೆಂಬುದನ್ನು ಬರೆಯುವುದು ಬೇಡ.

ಮುನಿರಾಜನ ಮನೆ ಇಕ್ಕಟ್ಟಾದ ಅಡ್ಡರಸ್ತೆಯಲ್ಲಿ, ಎರಡು ಮಹಡಿ, ಮುಂದೆ ಸೊಂಟದೆತ್ತರದ ಕಬ್ಬಿಣದ ಗೇಟು. ಆಟೋ ನಿಂತಾಗ ಮೂರು ಮೂವತ್ತಮೂರು. ಗೇಟು ಹಾಕಿತ್ತು. ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ತಲೆ ನರೆತ, ಎತ್ತರದ ಮನುಷ್ಯ ಕೂತಿದ್ದ. ತೊಡೆಯ ಮೇಲೆ ಒಂದು ನೋಟ್‌ಬುಕ್ಕು, ಕೈಯಲ್ಲಿ ಪೆನ್ನು. ಅವನು ತಲೆ ಎತ್ತಲಿಲ್ಲ.

"ಟೋಕನ್ ನಂಬರ್?" ಎಂದ.

ಕಿಟಕಿಯ ಹಿಂದೆ ಯಾರೋ ನಗು ತಡೆದುಕೊಂಡರು. ನಾನು ಗಡಿಯಾರದ ಕಾರಣ ಹೇಳಲು ಶುರು ಮಾಡಿದೆ. ಎರಡು ಮಾತಿಗೇ ಅದು ನನಗೇ ನಾಚಿಕೆಯೆನಿಸಿತು. ಇಪ್ಪತ್ತೆಂಟು ವರ್ಷ ಬೇರೆಯವರ ಬಾಯಲ್ಲಿ ಕೇಳಿದ ಕಾರಣಗಳ ಹಾಗೆಯೇ ಇತ್ತು. ಒಳಗಿನಿಂದ ಮುನಿರಾಜನ ಹೆಂಡತಿ ಬಂದು, "ಅಕ್ಕ, ನೀವು ಬನ್ನಿ, ಇವರದ್ದು ಮುಗಿಯಲ್ಲ" ಎಂದು ಗೇಟನ್ನು ಒಬ್ಬರು ಹಿಡಿಯುವಷ್ಟು ತೆಗೆದರು. ಸರೋಜ ಡಬ್ಬಿ ಸಮೇತ ಒಳಗೆ ಹೋದಳು. ಹಿಂದಿರುಗಿ ನೋಡಲಿಲ್ಲ. ಗೇಟು ಮತ್ತೆ ಮುಚ್ಚಿತು.

ನಾನೊಬ್ಬನೇ ರಸ್ತೆಯಲ್ಲಿ ನಿಂತೆ. ಒಳಗೆ ಟಿವಿಯ ಗದ್ದಲ. ಎಲ್ಲರೂ ಒಟ್ಟಿಗೆ ಏನೋ ಕೂಗಿದರು, ಏನೆಂದು ನನಗೆ ಕಾಣಲಿಲ್ಲ. ಎದುರು ಮನೆಯ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಪೆನ್ನು ನೋಟ್‌ಬುಕ್ಕಿನ ಮೇಲೆ ಸುಮ್ಮನೆ ಓಡುತ್ತಿತ್ತು. ಗೇಟಿನ ಈ ಕಡೆ ನಿಲ್ಲುವುದು ಹೀಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಲು ಬಂದವರನ್ನು ನಾನು ನಂಬರು ಕೇಳಿದ್ದೆ.

ಗೇಟಿನ ಸರಳು ಹಿಡಿದು ಸ್ವಲ್ಪ ಬಗ್ಗಿದೆ.

"ಮುನಿರಾಜು," ಎಂದೆ. "ಇವತ್ತು ಮ್ಯಾಚು."

ಪೆನ್ನು ನಿಂತಿತು. ಅವನು ತಲೆ ಎತ್ತಿ ನನ್ನ ಮುಖ ನೋಡಿದ. ನಾನೂ ನೋಡಿದೆ. ಎಡಹುಬ್ಬಿನ ಮೇಲೆ ಒಂದು ಹಳೆಯ ಗಾಯದ ಗುರುತಿತ್ತು, ಚೆಂಡೋ ಗೋಲಿನ ಕಂಬವೋ ಬಡಿದದ್ದಿರಬೇಕು. ಮೂರು ವರ್ಷ ದಿನವೂ ನನ್ನ ಮುಂದೆ ಹಾದುಹೋದ ಗುರುತು.

ಅವನು ಎದ್ದು ಚಿಲಕ ತೆಗೆದ. ಅಭ್ಯಾಸಬಲದಿಂದ ನನ್ನ ಕಣ್ಣು ವಾಚಿನ ಮೇಲೆ ಹೋಯಿತು. ನಾನು ಹೊರಗೆ ನಿಂತದ್ದು ನಾಲ್ಕು ನಿಮಿಷ. ಅರ್ಧ ಗಂಟೆಯಲ್ಲಿ ಉಳಿದ ಇಪ್ಪತ್ತಾರನ್ನು ಅವನು ಬಿಟ್ಟುಕೊಟ್ಟ.